ಪರೀಕ್ಷೆ ಬೇಕು, ಆದರೆ ಗಸಗಸೆ ಪಾಯಸದ ಮಾತೂ ಕೇಳಿ

ಹೇಳದೆ ಕೇಳದೆ ಡ್ರಗ್ಸ್ ಪರೀಕ್ಷೆ ಮಾಡುವುದು ಪೈಲಟ್‌ಗಳಿಗೆ ಅವಮಾನ ಎಂದು ಲೇಖನದಲ್ಲಿ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ದೇವನಹಳ್ಳಿಯಲ್ಲಿ ಹನ್ನೊಂದು ವರ್ಷದಿಂದ ವಿಮಾನ ರಿಪೇರಿ ಕೆಲಸದಲ್ಲಿದ್ದೇನೆ. ಕುಡಿದಿದ್ದಾರಾ ಅಂತ ಊದಿಸಿ ನೋಡುವುದು ಇಲ್ಲಿ ಹೊಸದಲ್ಲ, ಅದರಿಂದ ಯಾರ ಮಾನವೂ ಹೋಗಿಲ್ಲ. ಗಾಂಜಾ, ಕೊಕೇನ್ ಆ ಯಂತ್ರಕ್ಕೆ ಸಿಗುವುದಿಲ್ಲ, ಮೂತ್ರ ಪರೀಕ್ಷೆಯಂಥದ್ದು ಆಗಬೇಕು. 2022ರ ಜನವರಿ 31ರಿಂದ ಜಾರಿಗೆ ಬಂದ ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ನಿಯಮದಲ್ಲಿ ಪೈಲಟ್ ಮತ್ತು ಎಟಿಸಿ (ವಿಮಾನ ಸಂಚಾರ ನಿಯಂತ್ರಣ) ಸಿಬ್ಬಂದಿಯಲ್ಲಿ ವರ್ಷಕ್ಕೆ ಕನಿಷ್ಠ ಶೇ 10ರಷ್ಟು ಜನರಿಗೆ ಈ ಪರೀಕ್ಷೆ ಮಾಡಬೇಕು ಎಂದಿದೆ. ನನ್ನ ಪ್ರಕಾರ ಅದು ಕಮ್ಮಿಯೇ.

ನನ್ನ ಭಯ ಬೇರೆ. ಮೊದಲ ಪರೀಕ್ಷೆ ಬರೀ ಅನುಮಾನ ತೋರಿಸುತ್ತದೆ ಅಷ್ಟೇ. ಕೋಡೀನ್ ಇರುವ ಕೆಮ್ಮಿನ ಸಿರಪ್ ತೆಗೆದುಕೊಂಡರೂ, ಹಬ್ಬದಲ್ಲಿ ಎರಡು ಲೋಟ ಗಸಗಸೆ ಪಾಯಸ ಕುಡಿದರೂ ಓಪಿಯೇಟ್, ಅಂದರೆ ಅಫೀಮಿನ ಅಂಶ ಇದೆ ಅಂತ ಬರಬಹುದು. ಏನು ತಿಂದಿರಿ, ಯಾವ ಔಷಧಿ ತೆಗೆದುಕೊಂಡಿರಿ ಎಂದು ಡಾಕ್ಟರ್ ಕೂತು ಕೇಳಬೇಕು ಅಲ್ವಾ? ಹಿಂದೆ ನನ್ನ ಜೊತೆಗಿದ್ದ ಹುಡುಗನೊಬ್ಬನ ಹೆಸರು ಮೊದಲ ವರದಿ ಬಂದ ಸಂಜೆಯೇ ವಾಟ್ಸ್‌ಆ್ಯಪ್‌ನಲ್ಲಿ ಓಡಾಡಿತು. ಲ್ಯಾಬಿನ ಎರಡನೇ ವರದಿಯಲ್ಲಿ ಏನೂ ಇರಲಿಲ್ಲ. ಅಷ್ಟರಲ್ಲಿ ಹಾಸನದಲ್ಲಿದ್ದ ಅವನ ಅಮ್ಮನಿಗೆ ನೆಂಟರೆಲ್ಲ ಫೋನ್ ಮಾಡಿ ಆಗಿತ್ತು. ಪಕ್ಕಾ ವರದಿ ಬರುವ ಮೊದಲು ಹೆಸರು ಹೊರಗೆ ಬಿಟ್ಟವರಿಗೂ ಶಿಕ್ಷೆ ಇರಲಿ.