ಹೆಬ್ಬಾಳದ ಲ್ಯಾಬು, ದೇವನಹಳ್ಳಿಯ ಹಸು

ದನಕರುಗಳ ರೋಗ ಪತ್ತೆ ಮಾಡೋದಕ್ಕೆ ಬೆಂಗಳೂರಿನಲ್ಲಿ ಏನೂ ಇಲ್ಲ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಮೇಖ್ರಿ ಸರ್ಕಲ್ ದಾಟಿ ಬಳ್ಳಾರಿ ರಸ್ತೆ ಹಿಡಿಯಿರಿ. ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಅದರೊಳಗಿನ ರೇಬೀಸ್ ಲ್ಯಾಬಿಗೆ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮಾನ್ಯತೆ ಇದೆ. ಮಹಾರಾಜರ ಕಾಲದಲ್ಲಿ ಸೀರಂ ಇನ್‌ಸ್ಟಿಟ್ಯೂಟ್ ಆಗಿ ಶುರುವಾದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಅಲ್ಲೇ. ಕಾಲುಬಾಯಿ ಜ್ವರದ ಲಸಿಕೆಯ ಮೇಲೆ ಕೆಲಸ ಮಾಡುವ ಐವಿಆರ್‌ಐ, ಅಂದರೆ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ಕೇಂದ್ರವೂ ಅಲ್ಲೇ. ಇನ್ನಷ್ಟು ಮುಂದೆ, ಯಲಹಂಕದ ಹತ್ತಿರ ರಾಮಗೊಂಡನಹಳ್ಳಿಯಲ್ಲಿ ನಿವೇದಿ. ಯಾವ ಜಿಲ್ಲೆಗೆ ಯಾವ ರೋಗ ಬರಬಹುದು ಅಂತ ಎರಡು ತಿಂಗಳು ಮುಂಚೆಯೇ ಮುನ್ಸೂಚನೆ ಕೊಡುವ ಸಂಸ್ಥೆ ಅದು. ಒಂದೇ ರಸ್ತೆಯ ಆಸುಪಾಸಿನಲ್ಲಿ ಇಷ್ಟು ಇರುವ ಊರು ಎಷ್ಟಿದ್ದಾವು?

ನಾನಿರುವುದು ಇಂಗ್ಲೆಂಡಿನ ಡೆವನ್ ಕಡೆ. ಖಾಸಗಿ ಪಶುರೋಗ ಲ್ಯಾಬೊಂದರಲ್ಲಿ ಬಂದ ಸ್ಯಾಂಪಲ್ ಬಿಚ್ಚಿ, ನೋಡಿ, ನಮೂದು ಮಾಡಿಕೊಳ್ಳುವ ಮೇಜಿನ ಕೆಲಸ. ಬೆಳಿಗ್ಗೆ ಅಂಚೆಯ ಚೀಲ ಬಂದು ಬಿದ್ದರೆ ಮಧ್ಯಾಹ್ನದವರೆಗೆ ತಲೆ ಎತ್ತುವಂತಿಲ್ಲ. ಆ ಮೇಜಿಗೆ ಕೂತವನಿಗೆ ಒಂದು ಮಾತು ಬೇಗ ತಿಳಿಯುತ್ತದೆ: ರೋಗ ಪತ್ತೆಯಾಗುವುದು ಯಂತ್ರದಲ್ಲಲ್ಲ, ಡಬ್ಬಿಯಲ್ಲಿ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಹೆಪ್ಪುಗಟ್ಟದ ರಕ್ತ, ಕೆಂಪು ಮುಚ್ಚಳದ್ದರಲ್ಲಿ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ), ಸೋರಿದರೆ ಹೀರಿಕೊಳ್ಳಲು ಸುತ್ತ ಹತ್ತಿ, ಅದರ ಮೇಲೊಂದು ಗಟ್ಟಿ ಡಬ್ಬ, ಜೊತೆಗೊಂದು ಚೀಟಿ. ಚೀಟಿಯಲ್ಲಿ ಎಷ್ಟು ದಿನದಿಂದ ಕಾಯಿಲೆ, ಹಟ್ಟಿಯಲ್ಲಿ ಇನ್ನೆಷ್ಟಕ್ಕೆ ಬಂದಿದೆ, ಯಾವ ಲಸಿಕೆ ಯಾವಾಗ ಹಾಕಿದ್ದು ಅಂತ ಬರೆದಿರಬೇಕು. ಚೀಟಿ ಖಾಲಿ ಇದ್ದರೆ ಎಂಥ ಪಿಸಿಆರ್ ಯಂತ್ರವೂ ಅರ್ಧ ಕುರುಡು. ಗಡ್ಡೆಯ ತುಂಡನ್ನು ಫಾರ್ಮಲಿನ್‌ನಲ್ಲಿ ಮುಳುಗಿಸಿ ಕಳಿಸಿ "ಕಲ್ಚರ್ ಮಾಡಿ" ಅಂತ ಬರೆಯುವ ಡಾಕ್ಟರುಗಳು ಆ ದೇಶದಲ್ಲೂ ಇದ್ದಾರೆ. ಫಾರ್ಮಲಿನ್ ಬಿದ್ದ ಮೇಲೆ ಬೆಳೆಯಲು ಯಾವ ಬ್ಯಾಕ್ಟೀರಿಯಾ ಉಳಿದಿರುತ್ತದೆ?

ಅಲ್ಲಿಗೂ ಇಲ್ಲಿಗೂ ನನಗೆ ಕಂಡ ವ್ಯತ್ಯಾಸ ಲ್ಯಾಬಿನದ್ದಲ್ಲ. ಹಟ್ಟಿಯಿಂದ ಲ್ಯಾಬಿಗೆ ಹೋಗುವ ದಾರಿಯದ್ದು. ಅದಕ್ಕಿಂತ ಹೆಚ್ಚಾಗಿ, ಲ್ಯಾಬಿನಿಂದ ಹಟ್ಟಿಗೆ ವಾಪಸು ಬರುವ ದಾರಿಯದ್ದು.

ದೇವನಹಳ್ಳಿ ಕಡೆ ನಮ್ಮ ದೊಡ್ಡಪ್ಪನ ಮಗ ಸೀಮೆ ಹಸು ಕಟ್ಟಿದ್ದಾನೆ. ಹೋದ ಸಲ ರಜಕ್ಕೆ ಬಂದಾಗ ಅವನ ಒಂದು ಹಸು ಏಳು ತಿಂಗಳ ಗಬ್ಬದಲ್ಲಿ ಕಂದು ಹಾಕಿತ್ತು, ಅಂದರೆ ಗರ್ಭಪಾತವಾಗಿತ್ತು. ಪಶು ಆಸ್ಪತ್ರೆಯ ಡಾಕ್ಟರು ಬಂದರು, ಬರಿಗೈಯಲ್ಲಲ್ಲ, ಗ್ಲೌಸ್ ಹಾಕಿಕೊಂಡೇ ಮಾಸು ತೆಗೆದರು, ಇಂಜೆಕ್ಷನ್ ಕೊಟ್ಟರು. ಕೆಲಸ ಬಲ್ಲವರು. ಅವರ ಬೈಕು ತಿರುಗಿದ ಮೇಲೆ ಮಾಸು ತಿಪ್ಪೆ ಸೇರಿತು. ಮಣ್ಣು ಮುಚ್ಚುವಷ್ಟರಲ್ಲಿ ನಾಯಿ ಒಂದು ತುಂಡು ಎಳೆದುಕೊಂಡು ಹೋಯಿತು. ಬ್ರೂಸೆಲ್ಲೋಸಿಸ್, ಅದೇ ಹಸು ಕಂದು ಹಾಕಿಸುವ ಕಂದು ರೋಗ, ಇರಬಹುದು, ರಕ್ತ ಕೊಟ್ಟು ನೋಡಿಸೋಣ ಅಣ್ಣ, ಹೆಬ್ಬಾಳ ಏನು ದೂರವೇ ಅಂದೆ.

"ರಿಪೋರ್ಟ್ ಇಸ್ಕೊಂಡು ಏನ್ ಮಾಡ್ಲಿ ಕಣೋ? ರೋಗ ಐತೆ ಅಂತ ಬರ್ದ್ರೆ ಆ ಹಸ ಯಾರ್ ಕೊಂಡ್ಕೊಂತಾರೆ?"

ಇದು ದಡ್ಡತನದ ಮಾತಲ್ಲ, ಲೆಕ್ಕದ ಮಾತು. ಬ್ರಿಟನ್ನಿನಲ್ಲಿ ಹಸು 271 ದಿನಕ್ಕೆ ಮುಂಚೆ ಈದರೆ ಅಥವಾ ಕಂದು ಹಾಕಿದರೆ ರೈತ ಅಧಿಕಾರಿಗಳಿಗೆ ತಿಳಿಸಲೇಬೇಕು, ಅದು ಕಾನೂನು. ಪರೀಕ್ಷೆ ಬೇಕೆಂದು ಅವರು ನಿರ್ಧರಿಸಿದರೆ ಅದರ ಖರ್ಚು ಸರ್ಕಾರದ್ದು. ರೋಗವಿದ್ದ ಹಸುವನ್ನು ಕೊಂದರೆ ಪರಿಹಾರ ಕೊಡುತ್ತಾರೆ. ಹಾಗಾಗಿ ಅಲ್ಲಿನ ರೈತ ಗೊಣಗಿಕೊಂಡಾದರೂ ಫೋನ್ ಮಾಡುತ್ತಾನೆ. ನಮ್ಮಣ್ಣನಿಗೆ ಆ ಫೋನಿನಿಂದ ನಷ್ಟ ಮಾತ್ರ. ರಿಪೋರ್ಟ್ ಬಂದರೆ ಹಸುವಿನ ಬೆಲೆ ಬೀಳುತ್ತದೆ, ಬರದಿದ್ದರೆ ದಲ್ಲಾಳಿ ಕೊಂಡು ಮುಂದಿನ ಊರಿನ ಕೊಟ್ಟಿಗೆಗೆ ದಾಟಿಸುತ್ತಾನೆ. ಕಂದು ರೋಗ ಊರಿಂದೂರಿಗೆ ನಡೆದು ಹೋಗುವುದೇ ಹೀಗೆ. ಹಸುವಿನಿಂದ ಮನುಷ್ಯನಿಗೂ ಬರುತ್ತದೆ. ಬಂದು ಹೋಗುವ ಜ್ವರ, ಕೀಲುನೋವು, ರಾತ್ರಿ ಬೆವರು. ಮಾಸು ಮುಟ್ಟಿದವರಿಗೆ, ಹಸಿ ಹಾಲು ಕುಡಿದವರಿಗೆ, ಪಶುವೈದ್ಯರಿಗೂ. ಟೈಫಾಯ್ಡ್ ಅಂತಲೋ ಮಲೇರಿಯಾ ಅಂತಲೋ ಮಾತ್ರೆ ನುಂಗುತ್ತಾ ತಿಂಗಳುಗಟ್ಟಲೆ ಒದ್ದಾಡುವವರಿದ್ದಾರೆ.

ಪರೀಕ್ಷೆಯೇನು ದುಬಾರಿಯೇ? ರೋಸ್ ಬೆಂಗಾಲ್ ಅಂತ ಒಂದಿದೆ. ಬಿಳಿ ಹಲಗೆಯ ಮೇಲೆ ಒಂದು ತೊಟ್ಟು ಸೀರಂ, ಪಕ್ಕದಲ್ಲಿ ಒಂದು ತೊಟ್ಟು ಗುಲಾಬಿ ಬಣ್ಣದ ದ್ರಾವಣ. ಕಡ್ಡಿಯಿಂದ ಕಲಸಿ ನಾಲ್ಕು ನಿಮಿಷ ಹಲಗೆಯನ್ನು ಮೆಲ್ಲಗೆ ತೂಗಿದರೆ, ರೋಗವಿದ್ದಲ್ಲಿ ಗುಲಾಬಿ ಹರಳು ಹರಳಾಗಿ ಒಡೆಯುತ್ತದೆ. ಇಲ್ಲವೇ ಹಾಲಿನಲ್ಲೇ ನೋಡಬಹುದು. ಬಣ್ಣ ಕಟ್ಟಿದ ದ್ರಾವಣ ಹಾಕಿ ಒಂದು ಗಂಟೆ ಬೆಚ್ಚಗಿಟ್ಟರೆ ಮೇಲೆ ತೇಲುವ ಕೆನೆಯಲ್ಲಿ ಬಣ್ಣದ ಉಂಗುರ ನಿಲ್ಲುತ್ತದೆ. ಬ್ರಿಟನ್ನಿನ ಡೇರಿ ಹಟ್ಟಿಗಳಲ್ಲಿ ಈ ರೋಗದ ಮೇಲೆ ಇವತ್ತಿಗೂ ಕಣ್ಣಿಟ್ಟಿರುವುದು ಮುಖ್ಯವಾಗಿ ಹಾಲಿನ ಟ್ಯಾಂಕಿನ ಸ್ಯಾಂಪಲ್‌ನಿಂದ. ಒಂದೊಂದು ಹಸುವನ್ನೂ ಹಿಡಿದು ಚುಚ್ಚುವುದಿಲ್ಲ. ಇಡೀ ಹಟ್ಟಿಯ ಹಾಲು ನೋಡುತ್ತಾರೆ, ಅನುಮಾನ ಬಂದರೆ ಮಾತ್ರ ಹಸುವಿನ ಹತ್ತಿರ ಹೋಗುತ್ತಾರೆ.

ಈಗ ನಮ್ಮ ಊರಿನ ಡೇರಿ ನೆನೆಸಿಕೊಳ್ಳಿ. ಬೆಳಿಗ್ಗೆ, ಸಂಜೆ, ಮಳೆಯಿರಲಿ ಹಬ್ಬವಿರಲಿ, ಹೆಂಗಸರು ಮಕ್ಕಳು ಕ್ಯಾನ್ ಹಿಡಿದು ಸಾಲು ನಿಲ್ಲುತ್ತಾರೆ. ಸೆಕ್ರೆಟರಿ ಪ್ರತಿ ಮನೆಯ ಹಾಲಿಗೂ ಫ್ಯಾಟ್ ನೋಡುತ್ತಾನೆ, ಯಾರದು ಎಷ್ಟು ಅಂತ ಬರೆಯುತ್ತಾನೆ. ಆಮೇಲೆ ಆ ಹಾಲು ತಣ್ಣಗಾಗಿ, ಗಾಡಿ ಹತ್ತಿ, ಬೆಂಗಳೂರಿಗೆ ಹೊರಡುತ್ತದೆ. ಅಂದರೆ ಸ್ಯಾಂಪಲ್ ತೆಗೆಯುವ ಕೈ ಇದೆ, ಹೆಸರಿನ ಪುಸ್ತಕ ಇದೆ, ತಂಪು ಗಾಡಿ ದಿನವೂ ಓಡುತ್ತಿದೆ. ಇಂಗ್ಲೆಂಡಿನವರು ದುಡ್ಡು ಸುರಿದು ಕಟ್ಟಿಕೊಂಡ ದಾರಿ ನಮ್ಮಲ್ಲಿ ಆಗಲೇ ಸವೆದು ಬಿದ್ದಿದೆ. ಫ್ಯಾಟ್‌ಗಷ್ಟೇ ಬಳಸುತ್ತಿದ್ದೇವೆ. ಅದೇ ಹಾಲಿನಿಂದ ತಿಂಗಳಿಗೊಂದು ಪುಟ್ಟ ಬಾಟಲಿ ಹೆಬ್ಬಾಳಕ್ಕೋ ತಾಲ್ಲೂಕಿನ ಲ್ಯಾಬಿಗೋ ಹೋದರೆ ಯಾವ ಊರಿನಲ್ಲಿ ಕಂದು ರೋಗವಿದೆ ಅನ್ನುವ ನಕ್ಷೆ ಬೇಗ ಸಿಗುತ್ತದೆ.

ತೊಡಕಿಲ್ಲ ಅಂತಲ್ಲ. ಗಿಣ್ಣು ಹಾಲು, ಕೆಚ್ಚಲು ಬಾವು ಬಂದ ಹಸುವಿನ ಹಾಲು ಉಂಗುರ ಪರೀಕ್ಷೆಗೆ ಸುಳ್ಳು ಉತ್ತರ ಕೊಡಿಸುತ್ತವೆ. ತುಂಬಾ ಮನೆಯ ಹಾಲು ಬೆರೆತರೆ ಒಂದು ಹಸುವಿನ ರೋಗ ಕರಗಿ ಕಾಣದೆ ಹೋಗುತ್ತದೆ, ಅದಕ್ಕೆ ಎಲೈಸಾ ಅನ್ನುವ ಇನ್ನೂ ಸೂಕ್ಷ್ಮವಾದ ಲ್ಯಾಬ್ ಪರೀಕ್ಷೆಯೇ ವಾಸಿ. ಇನ್ನೊಂದು, 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಬ್ರೂಸೆಲ್ಲಾ ಲಸಿಕೆ ಹಾಕುತ್ತಿದ್ದಾರೆ. ಲಸಿಕೆ ಹಾಕಿಸಿಕೊಂಡದ್ದೂ ಕೆಲವು ಸಲ ಪಾಸಿಟಿವ್ ತೋರಿಸುತ್ತದೆ. ಕಿವಿಯ ಹಳದಿ ಓಲೆಯ ಹನ್ನೆರಡು ಅಂಕಿ ನೋಡಿ ಯಾವಾಗ ಲಸಿಕೆಯಾಗಿದೆ ಅಂತ ತಾಳೆ ಹಾಕಬೇಕು. ಆ ಓಲೆಗಳೂ ನಮ್ಮಲ್ಲಿವೆ.

ಇಂಗ್ಲೆಂಡನ್ನು ಹೊಗಳಿ ಹೊಗಳಿ ಅಟ್ಟಕ್ಕೇರಿಸುವವನು ನಾನಲ್ಲ. 2001ರಲ್ಲಿ ಕಾಲುಬಾಯಿ ಜ್ವರ ಬಂದಾಗ ಫೆಬ್ರವರಿಯಲ್ಲಿ ಕಸಾಯಿಖಾನೆಯೊಂದರ ಹಂದಿಗಳಲ್ಲಿ ಕಣ್ಣಿಗೆ ಬೀಳುವ ಮೊದಲೇ ವೈರಸ್ ಕುರಿ ಸಂತೆಗಳ ಮೂಲಕ ಊರೂರು ಸೇರಿತ್ತು. ಕುರಿಗಳಲ್ಲಿ ಅದು ಸರಿಯಾಗಿ ಕಾಣುವುದೇ ಇಲ್ಲ, ಬಾಯಲ್ಲಿ ಚಿಕ್ಕ ಹುಣ್ಣು, ಒಂದೆರಡು ದಿನ ಕುಂಟು, ಅಷ್ಟೆ. ಆಮೇಲೆ ಹೆದರಿ, ಲ್ಯಾಬಿನ ಉತ್ತರಕ್ಕೂ ಕಾಯದೆ, ಅಕ್ಕಪಕ್ಕದ ಹಟ್ಟಿಗಳನ್ನೂ ಸೇರಿಸಿ ಅರುವತ್ತು ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದರು. ಕ್ಷಯದ ಕಥೆ ಇನ್ನೂ ಮುಗಿದಿಲ್ಲ. ಹಸುವಿನ ಕತ್ತಿಗೆ ಎರಡು ಚುಚ್ಚು, ಮೂರು ದಿನ ಬಿಟ್ಟು ಬಂದು ಚರ್ಮದ ದಪ್ಪ ಅಳೆಯುವುದು. ಆ ಪರೀಕ್ಷೆ ಸುಮಾರು ಐದು ರೋಗಿ ಹಸುಗಳಲ್ಲಿ ಒಂದನ್ನು ಬಿಟ್ಟುಬಿಡುತ್ತದೆ. ಹಸುಗಳಿಗೆ ಕ್ಷಯ ಹರಡುವುದು ಅದೇ ಅಂತ ಬ್ಯಾಡ್ಜರ್ ಎಂಬ ಕಾಡುಪ್ರಾಣಿಯ ಮೇಲೆ 2013ರಿಂದ ಬಂದೂಕು ಹಿಡಿದರು, ಜಗಳ ಇವತ್ತಿಗೂ ನಡೆದೇ ಇದೆ. ಅಲ್ಲಿ ಡಾಕ್ಟರ ಭೇಟಿಯ ಫೀಸು ಒಂದು ಕುರಿಯ ಬೆಲೆಗಿಂತ ಹೆಚ್ಚಾಗುವುದರಿಂದ ಸತ್ತ ಕುರಿ ಯಾಕೆ ಸತ್ತಿತು ಅಂತ ಕೇಳದ ಹಟ್ಟಿಗಳು ಬೇಕಾದಷ್ಟು. ನಮ್ಮಲ್ಲಿ 1962 ಅನ್ನುವ ಪಶು ಸಹಾಯವಾಣಿ ನಂಬರಿಗೆ ಫೋನ್ ಮಾಡಿದರೆ ಪಶುವೈದ್ಯರ ಗಾಡಿ ಬರುತ್ತದೆ. ಆ ಸವಲತ್ತಿನ ಬೆಲೆ ಹೊರಗೆ ಬಂದ ಮೇಲೆ ತಿಳಿಯಿತು.

ಹುಡುಕುವುದು ನಮಗೆ ಬರುವುದಿಲ್ಲ ಅನ್ನುವುದೂ ಸುಳ್ಳು. ದನಗಳ ದೊಡ್ಡರೋಗ, ರಿಂಡರ್‌ಪೆಸ್ಟ್, ದೇಶದಲ್ಲಿ ಕೊನೆಯ ಸಲ ಕಂಡದ್ದು 1995ರಲ್ಲಿ. ಅಲ್ಲಿಗೆ ಬಿಡಲಿಲ್ಲ. ಊರೂರು ತಿರುಗಿ, ಬಾಯಿಹುಣ್ಣು ಭೇದಿ ಕಂಡ ಕಡೆಯೆಲ್ಲ ವಿಚಾರಿಸಿ, ರೋಗ ಇಲ್ಲ ಅನ್ನುವುದನ್ನೂ ರುಜುವಾತು ಮಾಡಿ 2006ರಲ್ಲಿ ಮುಕ್ತ ಅನ್ನಿಸಿಕೊಂಡರು. ಆಗ ಪಿಸಿಆರ್ ಯಂತ್ರ ಪ್ರತಿ ಲ್ಯಾಬಿನಲ್ಲಿ ಇರಲಿಲ್ಲ, ನಡೆಯುವ ಕಾಲುಗಳಿದ್ದವು.

ಕಾಡುಪ್ರಾಣಿಗಳ ವಿಷಯ ಬಂದರೆ ಮಾತ್ರ ನನಗೆ ಸಿಟ್ಟು ಬರುತ್ತದೆ. ಬನ್ನೇರುಘಟ್ಟದಲ್ಲಿ 2023ರಲ್ಲಿ ಏಳು ಚಿರತೆ ಮರಿಗಳು ಸತ್ತಾಗ ಕಾರಣ ಬೆಕ್ಕು ಜಾತಿಯ ಪ್ಯಾನ್‌ಲ್ಯೂಕೋಪೀನಿಯಾ ವೈರಸ್ ಅಂತ ಬೇಗ ತಿಳಿಯಿತು, ಯಾಕೆಂದರೆ ಡಾಕ್ಟರು ಬೇಲಿಯೊಳಗೇ ಇದ್ದರು. ಬೇಲಿಯ ಆಚೆ ಸತ್ತ ಚಿರತೆಗೆ ಆ ಭಾಗ್ಯವಿಲ್ಲ. ಗೀರ್‌ನಲ್ಲಿ 2018ರಲ್ಲಿ ಸಿಂಹಗಳು ಸಾಲಾಗಿ ಸತ್ತಾಗ ಸಿಕ್ಕಿದ್ದು ನಾಯಿಗಳಿಗೆ ಬರುವ ಡಿಸ್ಟೆಂಪರ್ ವೈರಸ್. ಬನ್ನೇರುಘಟ್ಟದ ಅಂಚಿನ ಊರುಗಳಲ್ಲಿ ಬೀದಿನಾಯಿಗಳಿಗೇನು ಬರವೇ? ಬ್ರಿಟನ್ನಿನಲ್ಲಿ ಕೆರೆಯ ದಡದಲ್ಲಿ ಸತ್ತ ಹಂಸ ಕಂಡರೆ ಹಾದುಹೋಗುವ ಯಾರಾದರೂ ಸರ್ಕಾರಕ್ಕೆ ತಿಳಿಸಬಹುದು, ಹಕ್ಕಿಜ್ವರ ಇದೆಯೇ ಅಂತ ಕೆಲವನ್ನು ಒಯ್ದು ನೋಡುತ್ತಾರೆ. ಹೆಬ್ಬಾಳ ಕೆರೆಯ ದಡದಲ್ಲಿ ಸತ್ತ ಹದ್ದು ಕಂಡರೆ ಯಾರಿಗೆ ಹೇಳಬೇಕು ಅಂತ ಆ ಕೆರೆ ಸುತ್ತುವ ಹತ್ತು ಜನರನ್ನು ಕೇಳಿ ನೋಡಿ. ಒಬ್ಬರು ಅರಣ್ಯ ಇಲಾಖೆ ಅನ್ನುತ್ತಾರೆ, ಇನ್ನೊಬ್ಬರು ಪಾಲಿಕೆ, ಮತ್ತೊಬ್ಬರು ಪಶುಪಾಲನೆ. ಜ್ವರ ಮನುಷ್ಯನಿಗೆ ಬಂದ ಮೇಲೆ ಆರೋಗ್ಯ ಇಲಾಖೆ. 2022ರ ಜೂನ್‌ನಲ್ಲಿ ಕೇಂದ್ರದವರು ಬೆಂಗಳೂರಿನಲ್ಲೇ ಒನ್ ಹೆಲ್ತ್ ಯೋಜನೆಗೆ ಚಾಲನೆ ಕೊಟ್ಟರು, ಇವರೆಲ್ಲ ಕೂಡಿ ಕೆಲಸ ಮಾಡಲಿ ಅಂತ. ದೀಪ ಹಚ್ಚುವುದರಲ್ಲಿ ನಾವು ಹಿಂದೆ ಬಿದ್ದವರಲ್ಲ.

ಈ ಪಾಠ ಜಗತ್ತಿಗೆ ಹೇಳಿಕೊಟ್ಟಿದ್ದೇ ನಮ್ಮ ನಾಡು ಅನ್ನುವುದು ಮರೆತುಹೋಗಿದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಉದುರಿದವು, ಊರಿನವರಿಗೂ ಜ್ವರ ಬಂತು. ಸತ್ತ ಮಂಗವನ್ನು ಹಿಡಿದು ಹೊರಟೇ, ರಕ್ತ ಹೀರುವ ಉಣ್ಣೆ ಹುಳದ ಮೂಲಕ ಹರಡುವ ಹೊಸ ವೈರಸ್, ಮಂಗನ ಕಾಯಿಲೆಯದ್ದು, ಸಿಕ್ಕಿದ್ದು. ಇವತ್ತಿಗೂ ಶಿವಮೊಗ್ಗ ಕಡೆ ಮಂಗ ಸತ್ತರೆ ಸುದ್ದಿ ಆರೋಗ್ಯ ಕೇಂದ್ರಕ್ಕೆ ಹೋಗುತ್ತದೆ, ಸುತ್ತ ಉಣ್ಣೆ ಕೊಲ್ಲುವ ಪುಡಿ ಎರಚುತ್ತಾರೆ, ಸ್ಯಾಂಪಲ್ ಲ್ಯಾಬಿಗೆ ಹೋಗುತ್ತದೆ. ಬೆಂಗಳೂರಿನ ಹೊರವಲಯದಲ್ಲಿ ಮಂಗ ಸತ್ತರೆ ಆಂಜನೇಯ ಅಂತ ಹೂವು ಹಾಕಿ, ತಮಟೆ ಹೊಡೆಸಿ, ಹೂಳುತ್ತಾರೆ. ಭಕ್ತಿಗೆ ನನ್ನ ತಕರಾರಿಲ್ಲ. ಕರೆಂಟು ಹೊಡೆಯಿತೋ ಕಾಯಿಲೆಯೋ ಅಂತ ಹೂಳುವ ಮುಂಚೆ ಒಬ್ಬರು ಬಂದು ನೋಡಲಿ.

ಅಣ್ಣನಿಗೆ ನಾನು ಕೊಟ್ಟ ಉತ್ತರ ಹೇಳಿಬಿಡುತ್ತೇನೆ. ಅಲ್ಲಿನಂತೆ ಕೊಲ್ಲುವ ದಾರಿ ಇಲ್ಲಿ ಸುಲಭವಿಲ್ಲ, ಬಹಳ ಜನಕ್ಕೆ ಬೇಕಾಗಿಯೂ ಇಲ್ಲ. ಆದರೂ ರಿಪೋರ್ಟ್ ದಂಡವಲ್ಲ. ಆ ಹಸು ಈಯುವ ಜಾಗ ಬೇರೆ ಮಾಡು, ಮಾಸನ್ನು ಸುಣ್ಣ ಹಾಕಿ ಆಳಕ್ಕೆ ಹೂಳು, ಬರಿಗೈಯಲ್ಲಿ ಮುಟ್ಟಬೇಡ, ಹಾಲು ಕಾಯಿಸದೆ ಕುಡಿಯಬೇಡಿ, ಕರುಗಳಿಗೆ ಲಸಿಕೆ ತಪ್ಪಿಸಬೇಡ, ಆ ಹಸು ಮಾರಬೇಡ ಅಂದೆ. ಅತ್ತಿಗೆ ತಲೆಯಾಡಿಸಿದರು. ಅಣ್ಣ ಕೊನೆಯದಕ್ಕೆ ಮಾತ್ರ ನಿಂತ: "ಮಾರ್ದಲೆ ಇಟ್ಕೊಂಡ್ರೆ ಮೇವಿನ ದುಡ್ಡು ನೀನ್ ಕಳಿಸ್ತೀಯೇನೋ?" ಆ ದುಡ್ಡು ಹೆಬ್ಬಾಳದ ವಿಜ್ಞಾನಿಗಳ ಕೈಯಲ್ಲಿಲ್ಲ, ವಿಧಾನಸೌಧದಲ್ಲಿದೆ. ರೋಗವಿದೆ ಅಂತ ಒಪ್ಪಿಕೊಂಡ ರೈತನಿಗೆ, ಹಸುವನ್ನು ಮಾರದೆ ಬೇರೆ ಕಟ್ಟಿ ಸಾಕುವಷ್ಟು ಕಾಲ, ಲೀಟರಿಗೆ ಇಷ್ಟು ಅಂತ ಕೊಡಲಿ. ಹಾಲಿಗೆ ಲೀಟರಿನ ಲೆಕ್ಕದಲ್ಲಿ ಪ್ರೋತ್ಸಾಹಧನ ರೈತರ ಖಾತೆಗೆ ಹಾಕುವ ಅಭ್ಯಾಸ ಈ ಸರ್ಕಾರಕ್ಕೆ ಆಗಲೇ ಇದೆ. ಖಾತೆ ನಂಬರೂ ಡೇರಿಯ ಪುಸ್ತಕದಲ್ಲೇ ಇದೆ.