ಕೋಪಾರ್ಸನರ್ ಅಂದರೆ ಹೆಣ್ಣುಮಗಳು

ಲಂಡನ್ನಿನ ಟೆಂಪಲ್ ಚರ್ಚಿನ ದುಂಡನೆಯ ಅಂಗಳದಲ್ಲಿ ಕಲ್ಲಿನ ಯೋಧರು ಅಂಗಾತ ಮಲಗಿದ್ದಾರೆ. ಅವರಲ್ಲೊಬ್ಬ ಪೆಂಬ್ರೋಕ್‌ನ ಅರ್ಲ್ ವಿಲಿಯಂ ಮಾರ್ಷಲ್, 1219ರಲ್ಲಿ ತೀರಿಕೊಂಡವನು. ಹತ್ತಿರದಲ್ಲೇ ಇಬ್ಬರು ಗಂಡುಮಕ್ಕಳದೆನ್ನುವ ಮೂರ್ತಿಗಳು. ಐದು ಜನ ಹೆಣ್ಣುಮಕ್ಕಳಲ್ಲಿ ಒಬ್ಬಳೂ ಇಲ್ಲ. ಇಲ್ಲೂ ನಮ್ಮೂರ ಕಥೆಯೇ ಅಂದುಕೊಂಡು ಹೊರಬಂದರೆ ತಪ್ಪಾಗುತ್ತದೆ. ಕಲ್ಲು ಬಿಟ್ಟು ದಫ್ತರ ನೋಡಿದರೆ ಅಲ್ಲಿ ಅವರದೇ ರಾಜ್ಯಭಾರ.

ಮಾರ್ಷಲ್ ಕೈಯಲ್ಲಿ ಭೂಮಿಯಿಲ್ಲದ ಕಿರಿಮಗ. ಆಸ್ತಿಯ ಬಹುಪಾಲು ಬಂದದ್ದು 1189ರಲ್ಲಿ ಕೈಹಿಡಿದ ಇಸಬೆಲ್ ಡಿ ಕ್ಲೇರ್‌ಳಿಂದ. ಐರ್ಲೆಂಡಿನ ಲೆನ್‌ಸ್ಟರ್ ಅವಳಿಗೆ ಬಂದದ್ದು ತಾಯಿ ಈಫಾಳ ಕಡೆಯಿಂದ. ಐದು ಗಂಡುಮಕ್ಕಳು ಒಬ್ಬರಾದ ಮೇಲೊಬ್ಬರು ಸಂತಾನವಿಲ್ಲದೆ ಹೋದರು: 1231, 1234, 1241, ಕೊನೆಯ ಇಬ್ಬರು 1245ರ ಕೊನೆಯಲ್ಲಿ ಬೆನ್ನುಬೆನ್ನಿಗೆ. ಫರ್ನ್ಸ್‌ನ ಬಿಷಪ್‌ನ ಭೂಮಿಯನ್ನು ಮಾರ್ಷಲ್ ಕಿತ್ತುಕೊಂಡದ್ದಕ್ಕೆ ಅವನಿಟ್ಟ ಶಾಪ ಎಂದು ಮ್ಯಾಥ್ಯೂ ಪ್ಯಾರಿಸ್ ಎಂಬ ಸನ್ಯಾಸಿ ಬರೆದಿಟ್ಟ. ತಲಕಾಡಿನ ಶಾಪ ಕೇಳಿ ಬೆಳೆದ ನಮಗೆ ಇದೇನು ಹೊಸದಲ್ಲ. ಮೈಸೂರಿನವರಿಗೆ ದತ್ತು ಎಂಬ ದಾರಿಯಿತ್ತು. ಇಂಗ್ಲೆಂಡಿನ ಕಾನೂನಿನಲ್ಲಿ 1926ರವರೆಗೆ ದತ್ತುವೇ ಇರಲಿಲ್ಲ.

ಹಾಗಾಗಿ ಪಾಲು. ಗಂಡಾದರೆ ಹಿರಿಯನಿಗೇ ಎಲ್ಲ, ಹೆಣ್ಣಾದರೆ ಎಲ್ಲರಿಗೂ ಸಮ. ಮೊದಲು ರಾಜನ ಕಡೆಯವರು ಭೂಮಿಯನ್ನು ವಶಕ್ಕೆ ತೆಗೆದುಕೊಳ್ಳುತ್ತಾರೆ. ಆ ಊರವರನ್ನೇ ಕೂರಿಸಿ ಪ್ರಮಾಣ ಮಾಡಿಸಿ, ಸತ್ತವನ ಬಳಿ ಏನಿತ್ತು, ವರ್ಷದ ಹುಟ್ಟುವಳಿ ಎಷ್ಟು, ವಾರಸುದಾರರು ಯಾರು ಎಂದು ಬರೆಸುತ್ತಾರೆ. ಎಕರೆಯ ಲೆಕ್ಕವಲ್ಲ, ಹುಟ್ಟುವಳಿಯ ಲೆಕ್ಕದಲ್ಲಿ ಐದು ಪಾಲು. ಲೆನ್‌ಸ್ಟರ್‌ನಲ್ಲಿ ಕಾರ್ಲೋ ಹಿರಿಯ ಮಗಳು ಮಟಿಲ್ಡಾಳ ಕಡೆಗೆ, ಕಿಲ್ಕೆನ್ನಿ ಇಸಬೆಲ್ ಕಡೆಗೆ, ಕಿಲ್ಡೇರ್ ಸಿಬಿಲ್ ಕಡೆಗೆ, ಡನಮೇಸ್ ಈವಾ ಕಡೆಗೆ, ವೆಕ್ಸ್‌ಫರ್ಡ್ ಜೋನ್ ಕಡೆಗೆ. ಒಡೆಯಲಾಗದ, ಆಸ್ಥಾನದ ಮಾರ್ಷಲ್ ಎಂಬ ಪದವಿ ಹಿರಿಯಳಿಗೆ, ಅವಳಿಂದ ಮಗ ರೋಜರ್ ಬಿಗಾಡ್‌ಗೆ. ಸಿಬಿಲ್‌ಗೆ ಏಳು ಹೆಣ್ಣುಮಕ್ಕಳು, ತಲಾ 1/35.

ಕಗ್ಗಂಟಾಗುವುದು ವಿಧವೆಯರ ವಿಷಯದಲ್ಲಿ. ಗಂಡನ ಆಸ್ತಿಯ ಮೂರನೇ ಒಂದು ಭಾಗ ಬದುಕಿರುವ ತನಕ ಅವಳದು. ಅವಳು ಸತ್ತ ಮೇಲೆ ಅದನ್ನು ಮತ್ತೆ ಐದು ಮಾಡಬೇಕು. ಹಿರಿಮಗನ ವಿಧವೆ ಎಲಿನರ್ ರಾಜನ ತಂಗಿ. ಅವಳ ಐರಿಷ್, ವೆಲ್ಷ್ ಪಾಲಿಗೆ ಬದಲಾಗಿ ವರ್ಷಕ್ಕೆ 400 ಪೌಂಡ್ ಎಂದು ಗೊತ್ತುಮಾಡಿದ್ದು ದಶಕಗಳ ವ್ಯಾಜ್ಯವಾಯಿತು. ವಂಶ ಹುಡುಕುವವರು ಎಡವುವುದೂ ಗಂಡಿನ ಸಾಲನ್ನೇ ನೆಚ್ಚಿದಾಗ. ಪೆಂಬ್ರೋಕ್ ಸೀಮೆ ವಿಲಿಯಂ ಡಿ ವ್ಯಾಲೆನ್ಸ್ ಎಂಬವನ ಕೈಗೆ ಹೇಗೆ ಹೋಯಿತು ಎಂದು ತಲೆ ಕೆರೆದುಕೊಳ್ಳುತ್ತಾರೆ. ಅವನು ಜೋನ್‌ಳ ಮಗಳ ಗಂಡ. ಜಮೀನಿನ ಬೆನ್ನು ಹತ್ತಿದರೆ ಹೆಣ್ಣುಮಕ್ಕಳು ತಾವಾಗಿ ಸಿಗುತ್ತಾರೆ.

ಹೀಗೆ ಕೂಡಿ ವಾರಸುದಾರರಾದವರನ್ನು ಇಂಗ್ಲೆಂಡಿನವರು ಪಾರ್ಸನರ್, ಕೋಪಾರ್ಸನರ್ ಎಂದರು. ಗಂಡುಮಕ್ಕಳೂ ಸಮನಾಗಿ ಹಂಚಿಕೊಳ್ಳುತ್ತಿದ್ದ ಕೆಂಟ್ ಸೀಮೆ ಬಿಟ್ಟರೆ, ಆ ಪದದ ಅರ್ಥ ಹೆಚ್ಚುಕಡಿಮೆ ಅಕ್ಕತಂಗಿಯರು ಎಂದೇ. ಇದೇ ಪದವನ್ನು ಇಂಗ್ಲಿಷರ ಕೋರ್ಟುಗಳು ಮಿತಾಕ್ಷರ ಎಂಬ ಧರ್ಮಶಾಸ್ತ್ರ ಗ್ರಂಥದಂತೆ ನಡೆಯುವ ನಮ್ಮ ಕೂಡುಕುಟುಂಬಕ್ಕೆ ತೊಡಿಸಿದಾಗ ಕೋಪಾರ್ಸನರ್ ಎಂದರೆ ಗಂಡು ಮಾತ್ರ ಎಂದಾಯಿತು! ಕರ್ನಾಟಕ 1994ರಲ್ಲಿ ತಿದ್ದಿತು, ಆಗಲೇ ಮದುವೆಯಾದವರನ್ನು ಹೊರಗಿಟ್ಟು. ಆ ಕೊಂಕು ಹೋಗಲು 2005ರ ಕೇಂದ್ರದ ತಿದ್ದುಪಡಿ ಬೇಕಾಯಿತು, ಗೊಂದಲ ಬಗೆಹರಿಯಲು 2020ರ ಸುಪ್ರೀಂ ಕೋರ್ಟ್ ತೀರ್ಪು.

ಆದರೂ ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಹಾಕುವ ವಂಶವೃಕ್ಷ ನೋಡಿ. ಅಫಿಡವಿಟ್ ಇರುತ್ತದೆ, ಮಹಜರು ಇರುತ್ತದೆ, ಪಂಚರ ಸಹಿ ಇರುತ್ತದೆ, ತಂಗಿ ಇರುವುದಿಲ್ಲ. ಗೌರಿ ಹಬ್ಬದ ಬಾಗಿನಕ್ಕೆ ತಪ್ಪದೆ ನೆನಪಾಗುವವಳು ನಾಡಕಚೇರಿಯ ಮೆಟ್ಟಿಲೇರುವಷ್ಟರಲ್ಲಿ ಮರೆತುಹೋಗುತ್ತಾಳೆ. ಹತ್ತು ವರ್ಷದ ಮೇಲೆ ಅವಳ ಮಗ ಪಾಲಿನ ದಾವೆ ಹೂಡಿದಾಗ, 'ಅರಿಶಿನ ಕುಂಕುಮಕ್ಕೆ ಕೊಟ್ಟಿದ್ದೆವಲ್ಲ' ಎಂಬ ರಾಗ. ಹದಿಮೂರನೇ ಶತಮಾನದ ಗುಮಾಸ್ತ ಸಿಬಿಲ್‌ಳ ಏಳೂ ಹೆಣ್ಣುಮಕ್ಕಳ ಲೆಕ್ಕ ಇಟ್ಟಿದ್ದ.

ಅವನು ಹೆಣ್ಣುಮಕ್ಕಳ ಮೇಲಿನ ಅಕ್ಕರೆಯಿಂದ ಇಟ್ಟದ್ದಲ್ಲ, ಒಪ್ಪುತ್ತೇನೆ. ಯಾರಿಂದ ಎಷ್ಟು ವಸೂಲಾಗಬೇಕೆಂಬ ಲೆಕ್ಕ ಅದು. ಒಬ್ಬ ಅಣ್ಣನಿಗೆ ಒಂದು ಮಗುವಿದ್ದಿದ್ದರೂ ಈ ಐವರಿಗೆ ವರದಕ್ಷಿಣೆಯ ಆಚೆಗೆ ಒಂದು ಗುಂಟೆಯೂ ದಕ್ಕುತ್ತಿರಲಿಲ್ಲ. ವಾರಸುದಾರಳ ಮದುವೆ ರಾಜನ ಸೊತ್ತು. ಇಸಬೆಲ್‌ಳನ್ನೂ ಮಾರ್ಷಲ್‌ಗೆ ಇನಾಮು ಕೊಟ್ಟಂತೆ ಕೊಟ್ಟದ್ದು, ನಲವತ್ತು ದಾಟಿದವನಿಗೆ. ಇನ್ನು ನಮ್ಮ ಕಲ್ಯಾಣದಲ್ಲಿ ಕೂತು ಆ ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರ, ಅಣ್ಣತಮ್ಮಂದಿರು ಇರುವಾಗಲೂ ಮದುವೆಯಾಗದ ಹೆಣ್ಣಿಗೆ ಗಂಡಿನ ಪಾಲಿನ ಕಾಲುಭಾಗ ಎಂದಿದ್ದ, ಮಾರ್ಷಲ್ ಹುಟ್ಟುವ ಮೊದಲೇ. ದಕ್ಷಿಣ ಕನ್ನಡದ ಅಳಿಯಸಂತಾನದವರಂತೂ ನನ್ನ ಈ ಸಿಟ್ಟು ನೋಡಿ ನಗಬಹುದು. ಅವರು ಕವರು, ಅಂದರೆ ಕುಟುಂಬದ ಕವಲು, ಎಣಿಸುತ್ತಿದ್ದುದೇ ಹೆಣ್ಣಿನಿಂದ.