ಏರ್ ಫಿಲ್ಟರ್ ಕೂರಿಸುವ ಪಾಡು
ಭಾನುವಾರ ಕನಕಪುರದ ಕಡೆ ಮಣ್ಣಿನ ದಾರಿಯಲ್ಲಿ ಎಂಡ್ಯೂರೊ ಬೈಕ್ (ಕಚ್ಚಾ ದಾರಿಗೆಂದೇ ಮಾಡಿದ ಬೈಕ್) ಓಡಿಸಿ ಬಂದರೆ ಫೋಮ್ ಏರ್ ಫಿಲ್ಟರ್ ತುಂಬ ಕೆಂಪು ಧೂಳು. ತೊಳೆದು, ಒಣಗಿಸಿ, ಫಿಲ್ಟರ್ ಎಣ್ಣೆ ಹಚ್ಚಿ ಹಿಂಡುವುದಕ್ಕೆ ನನಗೇನೂ ಬೇಸರವಿಲ್ಲ. ವಾಪಸ್ ಕೂರಿಸುವುದಿದೆಯಲ್ಲ, ಅದೇ ತಲೆನೋವು! ಫಿಲ್ಟರ್ ಕೂರುವ ಡಬ್ಬಿ, ಅಂದರೆ ಏರ್‌ಬಾಕ್ಸ್‌ನಲ್ಲಿ ಒಂದು ಕೈ ಹೋಗುವಷ್ಟೇ ಜಾಗ, ಕೈ ಹೋದರೆ ಕಣ್ಣಿಗೆ ಏನೂ ಕಾಣುವುದಿಲ್ಲ, ಅಂಟಂಟು ಫೋಮ್ ಬೆರಳಿಗೆ ಮೆತ್ತಿಕೊಳ್ಳುತ್ತದೆ, ಹಿಂದಿನ ಪಿನ್ನು ತೂತಿಗೆ ಸಿಕ್ಕಿತು ಅನ್ನುವಷ್ಟರಲ್ಲಿ ಮೇಲಿನ ಅಂಚು ಮಡಚಿಕೊಂಡಿರುತ್ತದೆ. ಹಾಗೇ ಬಿಡೋಕಾಗಲ್ಲ ಅಲ್ವಾ? ಅಂಚಿನ ಸಂದಿಯಿಂದ ಧೂಳು ಎಂಜಿನ್ನಿಗೆ ನುಗ್ಗಿದರೆ ಪಿಸ್ಟನ್ ರಿಂಗ್, ಸಿಲಿಂಡರ್ ಎರಡೂ ಸವೆಯುತ್ತವೆ. ಅದಕ್ಕೇ ಅಂಚಿಗೆ ಗ್ರೀಸ್ ಹಚ್ಚಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನ ಮಬ್ಬು ಬೆಳಕಲ್ಲಿ ನಿನ್ನೆ ಮೂರು ಸಲ ಬಿಚ್ಚಿ ಕೂರಿಸಿದೆ. ಪೂರ್ತಿ ಮುಕ್ಕಾಲು ಗಂಟೆ. ಇಷ್ಟು ಮುಖ್ಯವಾದ ಭಾಗಕ್ಕೆ ಎರಡು ಬೆರಳಿನಷ್ಟು ಜಾಗ ಜಾಸ್ತಿ ಬಿಡಬಾರದಿತ್ತಾ?